ಬೆನ್ನಿನ ಗೀರು, ತೋಳಿನ ಕಲೆ

ಫ್ಲವರ್ ಮೌಂಡ್, ಟೆಕ್ಸಾಸ್
೧೫ ಅಕ್ಟೋಬರ್ ೨೦೨೩

ತಂಗಿ ಜಯದೇವಿಗೆ, ಸಮುದ್ರದ ಈ ದಡದಿಂದ ನಿನ್ನ ಅಣ್ಣನ ಆಶೀರ್ವಾದ.

ನಿನ್ನ ಕಾಗದ ಶ್ರಾವಣದಲ್ಲೇ ಬಂದಿತ್ತು. ಇವತ್ತು ನವರಾತ್ರಿ ಶುರುವಾಯಿತು, ಈಗ ಉತ್ತರ ಬರೆಯುತ್ತಿದ್ದೇನೆ. ಸಿಟ್ಟಾಗಬೇಡ. ಅಣ್ಣ ಸುಮ್ಮನೆ ಕೂತಿದ್ದಾನೆ ಎಂದುಕೊಂಡಿರುತ್ತೀ. ಕೂರಲು ಆಗದ್ದೇ ತಾಪತ್ರಯ. ಕುರ್ಚಿಯಲ್ಲಿ ಸ್ವಲ್ಪ ಹೊತ್ತು ಕೂತರೂ ನಡ ಹಿಡಿದುಕೊಂಡು ಏಳಲು ಇನ್ನೊಬ್ಬರು ಕೈ ಕೊಡಬೇಕು. ಈ ಕಾಗದವನ್ನು ಅಡುಗೆಕಟ್ಟೆಯ ಮೇಲೆ ಹರವಿಕೊಂಡು ನಿಂತೇ ಬರೆಯುತ್ತಿದ್ದೇನೆ, ಅಕ್ಷರ ಸೊಟ್ಟಗಾದರೆ ಹೊಂದಿಸಿಕೊಂಡು ಓದು. ಫೋನ್ ಮಾಡಬಹುದಿತ್ತಲ್ಲ ಎನ್ನಬೇಡ. ಫೋನಿನ ಮಾತು ಮಾತ್ರ ನನ್ನ ಕಿವಿಗೆ ಸ್ಪೀಕರ್ ಹಾಕದೆ ಕೇಳುವುದಿಲ್ಲ. ಸ್ಪೀಕರ್ ಹಾಕಿದರೆ ಮನೆಯೆಲ್ಲ ಕೇಳುತ್ತದೆ.

ಈ ನೋವು ಹೊಸದಲ್ಲ, ನಿನಗೆ ಗೊತ್ತು. ಹುಬ್ಬಳ್ಳಿ ಡಿಪೋದ ಕೆಂಪು ಬಸ್ಸಿನ ಸೀಟಿನಲ್ಲಿ ಸ್ಪ್ರಿಂಗು ಸತ್ತು ಹೋಗಿದ್ದರೂ ಅಂಕೋಲಾ ಘಾಟು ಇಳಿಸಿದವನು ನಾನು. ಐದನೇ ಇಯತ್ತೆಗೆ ಶಾಲೆ ಬಿಟ್ಟವನು, ಪ್ರಯಾಣಿಕರು ಬಿಟ್ಟುಹೋದ ಪೇಪರ್ ಓದಿ ನಾಲ್ಕು ಅಕ್ಷರ ಗಟ್ಟಿ ಮಾಡಿಕೊಂಡದ್ದೂ ಅದೇ ಸೀಟಿನಲ್ಲಿ. ಬಸ್ಸು ನನಗೆ ಅಕ್ಷರವನ್ನೂ ಕೊಟ್ಟಿತು, ನೋವನ್ನೂ ಕೊಟ್ಟಿತು. ದೂರಲಾರೆ.

ಇನ್ನು ನಿನ್ನ ವೈನಿಯ ವಿಷಯ. ಗುರವ್ವನ ಮರೆವು ಹೆಚ್ಚಾಗಿದೆ. ಒಲೆ ಹಚ್ಚಿ ಮರೆಯುತ್ತಿದ್ದ ಕಾಲ ಹೋಯಿತು, ಈಗ ಒಲೆ ಎಂದರೇನು ಎಂದೇ ತಿಳಿಯುವುದಿಲ್ಲ. ಸ್ನಾನ, ಸೀರೆ, ಊಟ ಎಲ್ಲ ನಾನೇ. ಮಗಳು ಹರ್ಷಿಣಿ ಬೆಳಿಗ್ಗೆ ಮಕ್ಕಳ ಡೇಕೇರಿಗೆ ಕೆಲಸಕ್ಕೆ ಹೋಗುತ್ತಾಳೆ, ಅಳಿಯಂದಿರು ಅರ್ಧ ವಾರ ಹ್ಯೂಸ್ಟನ್ನಿನಲ್ಲೇ ಇರುತ್ತಾರೆ. ಮಗ ಪ್ರಶಾಂತ ಜಾರ್ಜ್‌ಟೌನಿನಲ್ಲಿ ತನ್ನ ಮನೆಯ ಹತ್ತಿರವೇ ಮರೆವಿನ ಕಾಯಿಲೆಯವರನ್ನು ಇಟ್ಟುಕೊಳ್ಳುವ ಒಂದು ಮನೆ ನೋಡಿ ಬಂದಿದ್ದಾನೆ. ಇಲ್ಲಿಂದ ಕಾರಿನಲ್ಲಿ ಮೂರು ತಾಸು. "ಅವ್ವನ್ನ ಅಲ್ಲಿ ಇಡೋಣ ಅಪ್ಪಾ. ನಿಮಗ ನಿಮ್ಮ ನಡಾನ ಎತ್ತಾಕ ಬರೂದಿಲ್ಲ, ಆಕಿನ್ನ ಹೆಂಗ ಎತ್ತತೀರಿ?" ಎಂದ. ನಾನು ಒಲ್ಲೆ ಅಂದೆ. ಜಗಳವಾಗಿ ಕೊನೆಗೆ ಒಂದು ಮಾತಿಗೆ ಬಂದೆವು: ನನ್ನ ನಡ ಗಟ್ಟಿ ಇರುವ ತನಕ ಗುರವ್ವ ನನ್ನ ಪಕ್ಕದಲ್ಲಿ, ನಡ ಹೋದ ದಿನ ಜಾರ್ಜ್‌ಟೌನ್. ಆದ್ದರಿಂದ ಈಗ ನನ್ನ ಸಂಸಾರವೆಲ್ಲ ಈ ಬೆನ್ನಿನ ಮೇಲೆ ನಿಂತಿದೆ.

ನೆನಪಿದೆಯೇ, ನಿನ್ನ ವೈನಿ ಕಾಲು ಮುಂದಾಗಿ ಹುಟ್ಟಿದವಳೆಂದು ಓಣಿಯವರೆಲ್ಲ ಉಳುಕು ತೆಗೆಸಲು ಬರುತ್ತಿದ್ದರು? ಬಾಗಿಲ ಹೊಸ್ತಿಲ ಮೇಲೆ ಬೋರಲು ಮಲಗಿಸಿ ಬೆನ್ನಿಗೆ ಎಡಗಾಲಿನಿಂದ ಮೆಲ್ಲಗೆ ಮೂರು ಸಲ ಒದೆಯುತ್ತಿದ್ದಳು. ನನಗೂ ಅದೇ ಮದ್ದು. ಡ್ಯೂಟಿ ಮುಗಿಸಿ ಬಂದರೆ "ಮಕ್ಕೋರಿ, ಒದೀತೀನಿ. ಗಂಡನ್ನ ಒದಿಯೂ ಪುಣ್ಯೇ ಎಲ್ಲಾರಿಗೂ ಸಿಗೂದಿಲ್ಲ" ಎಂದು ನಗುತ್ತಿದ್ದಳು. ಮೊನ್ನೆ ಕೇಳಿದೆ. "ಅಯ್ಯ, ಯಾರಿಗೆ ಯಾಕ ಒದೀಬೇಕ್ರಿ?" ಎಂದಳು. ಅದೂ ಹೋಯಿತು.

ಆಗ ದೇವರೇ ಕಳಿಸಿದಂತೆ ಸಿಕ್ಕವನು ಲಿನ್. ನಮ್ಮಿಂದ ಮೂರನೇ ಮನೆಯ ಚೀನೀ ಮುದುಕ. ಹೆಂಡತಿ ತೀರಿಕೊಂಡಿದ್ದಾಳೆ, ಮಗ-ಸೊಸೆಯರ ಜತೆ ಇದ್ದಾನೆ. ಅವನ ಇಂಗ್ಲಿಷು ನನ್ನಷ್ಟೇ, ಅಂದರೆ ಥ್ಯಾಂಕ್ಯೂ ತನಕ. ಒಂದು ಬೆಳಿಗ್ಗೆ ನಾನು ರಸ್ತೆ ಬದಿಯ ಟಪಾಲು ಡಬ್ಬಿ ಹಿಡಿದು ಬಗ್ಗಿದವನು ಹಾಗೇ ನಿಂತುಬಿಟ್ಟಿದ್ದೆ. ಅವನು ಹತ್ತಿರ ಬಂದು, ನನ್ನ ನಡ ಮುಟ್ಟಿ, ಎರಡೂ ಕೈಯಿಂದ ದೊಡ್ಡ ಸ್ಟೇರಿಂಗ್ ತಿರುಗಿಸಿದಂತೆ ಮಾಡಿ ತನ್ನ ನಡ ತೋರಿಸಿಕೊಂಡ. ಲಾರಿ ಡ್ರೈವರ್! ನಾನೂ ಗೇರು ಹಾಕಿ ತೋರಿಸಿದೆ. ಅವನು ಹಾರ್ನ್ ಹೊಡೆದ. ನಾಯಿ ಅಡ್ಡಾಡಿಸಲು ಬಂದಿದ್ದ ಬಿಳಿಯ ಹೆಂಗಸು ನಮ್ಮನ್ನು ನೋಡಿ ರಸ್ತೆ ದಾಟಿ ಆ ಕಡೆಗೆ ಹೋದಳು.

ಅವನು ಮಾಡುವುದು ಕೆರೆಯುವ ಚಿಕಿತ್ಸೆ. ಗ್ಯಾರೇಜಿನಲ್ಲಿ ಪ್ಲಾಸ್ಟಿಕ್ ಕುರ್ಚಿಯನ್ನು ಹಿಂದುಮುಂದಾಗಿ ಹಾಕಿ ಕೂರಿಸಿ, ಬೆನ್ನಿಗೆ ಎಣ್ಣೆ ಸವರಿ, ಅಂಗೈಯಗಲದ ಎಮ್ಮೆಕೊಂಬಿನ ತುಂಡಿನಿಂದ ಕುತ್ತಿಗೆಯಿಂದ ನಡದ ತನಕ ಬೆನ್ನೆಲುಬಿನ ಎರಡೂ ಕಡೆ ಒಂದೇ ಸಮ ಎಳೆಯುತ್ತಾನೆ. ಮೊದಲು ಉರಿ. ಆಮೇಲೆ ಕೆಂಪು ಚುಕ್ಕೆ ಏಳುತ್ತವೆ, ನೋಡನೋಡುತ್ತ ನೇರಳೆ ಹಣ್ಣು ತಿಕ್ಕಿದಂತೆ ಗೀರು ಮೂಡುತ್ತವೆ. ಕನ್ನಡಿಯಲ್ಲಿ ನೋಡಿಕೊಂಡರೆ ಪೊಲೀಸರ ಕೈಗೆ ಸಿಕ್ಕ ಕಳ್ಳನ ಬೆನ್ನು! ಆದರೆ ಬಿಸಿನೀರು ಕುಡಿಸಿ ಎಬ್ಬಿಸುತ್ತಾನಲ್ಲ, ಒಳಗೆ ಬಿಗಿದ ಹಗ್ಗವನ್ನು ಯಾರೋ ಸಡಿಲ ಬಿಟ್ಟಂತೆ. ನಮ್ಮಜ್ಜಿಗೆ ಕಾದ ಕಬ್ಬಿಣದಿಂದ ಬರೆ ಎಳೆಸಿದ್ದು ನೆನೆದರೆ ಇದು ಹೂವು. ಎಷ್ಟೋ ತಿಂಗಳ ಮೇಲೆ ಬಗ್ಗಿ ಗುರವ್ವನ ಕಾಲಿಗೆ ಚಪ್ಪಲಿ ಹಾಕಿದೆ, ತಂಗೀ. ಕಣ್ಣಲ್ಲಿ ನೀರು ಬಂತು. ಪೂರ್ತಿ ವಾಸಿಯಾಗುವುದಿಲ್ಲ, ಕೆಲವು ದಿನಕ್ಕೆ ಮತ್ತೆ ಹಿಡಿಯುತ್ತದೆ, ಮತ್ತೆ ಹೋಗುತ್ತೇನೆ.

ಗುರವ್ವ ಪಕ್ಕದ ಕುರ್ಚಿಯಲ್ಲಿ ಸೂರ್ಯಕಾಂತಿ ಬೀಜ ತಿನ್ನುತ್ತ ಕೂತಿರುತ್ತಾಳೆ. ಒಮ್ಮೆ ಲಿನ್‌ಗೆ ಕೇಳಿದಳು, "ಪಾಪ, ಆ ಮುದುಕನ್ನ ಯಾಕ ಹಂಗ ಕೆರಿಯಾಕತ್ತೀರಿ? ಅವಗ ತನ್ನೋರು ಯಾರೂ ಇಲ್ಲೇನು?" ಅವನು "ಯಾ, ಯಾ" ಎಂದ. ನಾನು ನಕ್ಕೆ.

ಹರ್ಷಿಣಿಗೆ ಈ ಗೀರುಗಳ ವಿಷಯ ಇನ್ನೂ ಹೇಳಿಲ್ಲ. ನೀನೂ ಹೇಳಬೇಡ. ಅಂಗಿ ಇದೆ, ಮುಚ್ಚುತ್ತದೆ. ನಿನ್ನ ಮನೆ ತುಂಬಿರಲಿ.

ನಿನ್ನ ಅಣ್ಣ
ಚನ್ನಬಸಪ್ಪ


ಫ್ಲವರ್ ಮೌಂಡ್
೨೦ ಜನವರಿ ೨೦೨೪

ತಂಗಿ ಜಯದೇವಿಗೆ ಆಶೀರ್ವಾದ.

ನೀನು ಕಳಿಸಿದ ಎಳ್ಳುಬೆಲ್ಲ ಸಂಕ್ರಾಂತಿ ಕಳೆದ ಮೇಲೆ ಮುಟ್ಟಿತು, ರುಚಿಗೆ ತಡವಿಲ್ಲ. ನಮ್ಮ ಹಬ್ಬ ಮಾತ್ರ ಹಬ್ಬದಂತಿರಲಿಲ್ಲ. ಅಂಗಿ ಮುಚ್ಚುತ್ತದೆ ಎಂದು ಬರೆದಿದ್ದೆನಲ್ಲ, ಮುಚ್ಚಲಿಲ್ಲ.

ಹರ್ಷಿಣಿ ಹಟ ಮಾಡಿ ವ್ಯಾಯಾಮ ಹೇಳಿಕೊಡುವ ಫಿಸಿಯೋ ಹುಡುಗಿಯ ಬಳಿ ಕರೆದುಕೊಂಡು ಹೋದಳು. ಆ ಹುಡುಗಿ ಅಂಗಿ ಎತ್ತಿ ಬೆನ್ನು, ಪಕ್ಕೆ, ತೋಳು ಎಲ್ಲ ನೋಡಿದಳು. ಆಮೇಲೆ ಬಹಳ ಮೆತ್ತಗೆ ಮಗಳನ್ನು ಹೊರಗೆ ಕೂರಿಸಿದಳು. ಇಲ್ಲಿ ಮುದುಕರ ಮೈಮೇಲೆ ಇಂಥ ಗುರುತು ಕಂಡರೆ ಸರ್ಕಾರಕ್ಕೆ ತಿಳಿಸಲೇಬೇಕಂತೆ. ತಪ್ಪು ಅವಳದಲ್ಲ. ಒಂದು ವಾರದೊಳಗೆ ಡಯಾನ್ ಎಂಬ ಅಧಿಕಾರಿಣಿ ಮನೆಗೆ ಬಂದಳು. ಗದರಿಕೆ ಇಲ್ಲ, ದರ್ಪ ಇಲ್ಲ. ಒಬ್ಬೊಬ್ಬರನ್ನೇ ಬೇರೆ ಕೂರಿಸಿ ಮಾತಾಡಿಸಿದಳು. ನನಗಾಗಿ ಫೋನಿನಲ್ಲಿ ಕನ್ನಡದ ಹುಡುಗಿಯೊಬ್ಬಳನ್ನು ಇಟ್ಟುಕೊಂಡಿದ್ದಳು, ಮೈಸೂರು ಕಡೆಯ ದನಿ. "ಅಂಕಲ್, ನಿಮಗೆ ಮನೇಲಿ ಯಾರಾದ್ರೂ ಹೊಡೀತಾರಾ? ಭಯ ಬೇಡಿ, ಹೇಳಿ."

"ಇಲ್ಲವ್ವಾ" ಎಂದು ಲಿನ್‌ನ ಕತೆ ಹೇಳಿದೆ. ಡಯಾನ್ ನನ್ನ ತೋಳಿನ ಕಲೆ ತೋರಿಸಿದಳು. ಅದೂ ಲಿನ್‌ನದೇ ಎಂದೆ. ಪಕ್ಕೆಯದು? ಅದೂ ಅವನದೇ, ನೋವಿದ್ದ ಕಡೆಯಲ್ಲೆಲ್ಲ ಕೆರೆಯುತ್ತಾನೆ ಎಂದೆ.

ಹರ್ಷಿಣಿ ಅಡುಗೆಮನೆಯಲ್ಲಿ ನಿಂತು ಅತ್ತಳು. "ಅಪ್ಪಾ, ಹತ್ತು ವರ್ಷ ಆತು ಮಂದಿ ಮಕ್ಕಳ ಮೂಗು ಒರಸಾಕತ್ತು. ಹೆತ್ತ ಅಪ್ಪನ್ನ ಹೊಡಿತಾಳ ಅಂತ ಬರಕೊಂಡ್ರ ಯಾರು ನನ್ನ ಕೈಯಾಗ ಕೂಸು ಕೊಡ್ತಾರು? ಒಂದ್ ಮಾತು ಹೇಳಬಾರ್ದಿತ್ತೇನು?" ಎಂದಳು.

ಎಲ್ಲರೂ ಮತ್ತೆ ಒಟ್ಟಿಗೆ ಕೂತಾಗ ಮೊಮ್ಮಗಳು ನಿಶಿತಾ ಸೋಫಾದ ಮೇಲಿಂದ, "ಅಜ್ಜಿ ಕಿಕ್ಸ್ ಹಿಮ್. ಇನ್ ದ ಬ್ಯಾಕ್. ಐ ಸಾ ಇಟ್" ಎಂದುಬಿಟ್ಟಳು. ಅಜ್ಜಿ ನಿಮ್ಮ ಬೆನ್ನಿಗೆ ಒದೀತಾರಂತೆ, ಇವಳು ನೋಡಿದಾಳಂತೆ ಎಂದು ಫೋನಿನ ಹುಡುಗಿ ನನಗೆ ಕನ್ನಡದಲ್ಲಿ ಹೇಳಿದಳು. ನಾನು ಗಟ್ಟಿಯಾಗಿ ನಕ್ಕು, ಫೋನಿನ ಹುಡುಗಿಗೆ ಕಾಲು ಮುಂದಾಗಿ ಹುಟ್ಟಿದವರ ಮದ್ದಿನ ಕತೆ ಹೇಳಿದೆ. ಆ ಹುಡುಗಿಯೂ ನಕ್ಕಳು, "ನಮ್ಮಜ್ಜಿ ಊರಲ್ಲೂ ಒಬ್ರು ಹಾಗೆ ಒದೀತಿದ್ರು ಅಂಕಲ್" ಎಂದಳು. ಹರ್ಷಿಣಿ ಕಣ್ಣೊರೆಸಿಕೊಂಡು ಹೌದು ಹೌದು ಎಂದಳು. ಡಯಾನ್ ಎಲ್ಲ ಬರೆದುಕೊಂಡಳು. ಮರೆತಿದ್ದಳಲ್ಲ ಎನ್ನುತ್ತೀಯೇನು, ಮೊನ್ನೆ ಗುರವ್ವನಿಗೆ ಹಳೆಯದು ಹೇಗೋ ನೆನಪಾಗಿತ್ತು.

ಅಲ್ಲಿಂದ ಲಿನ್‌ನ ಗ್ಯಾರೇಜಿಗೆ ಹೋದೆವು. ಅವನು ಕೊಂಬಿನ ತುಂಡು, ಎಣ್ಣೆ ಎಲ್ಲ ತೋರಿಸಿದ. ಅವನ ಸೊಸೆ ಅನುವಾದ ಮಾಡಿದಳು. ಡಯಾನ್ ನನ್ನ ತೋಳು ತೋರಿಸಿ "ಇದೂ ನೀವೇ ಮಾಡಿದ್ದಾ?" ಎಂದು ಕೇಳಿಸಿದಳು. ಲಿನ್ ತೋಳು ನೋಡಿದ. ನನ್ನ ಮುಖ ನೋಡಿದ. ಆಮೇಲೆ ತಲೆ ಆಡಿಸಿದ, ಹೌದು ಎಂದು.

ಮರುದಿನ ಅವನ ಮಗ ಬಂದು ಬಾಗಿಲಲ್ಲೇ ನಿಂತು, ಇನ್ನು ಮೇಲೆ ಅಪ್ಪ ಯಾರಿಗೂ ಮಾಡುವುದಿಲ್ಲ, ದಯವಿಟ್ಟು ನಿಮ್ಮ ಅಪ್ಪನನ್ನು ಕಳಿಸಬೇಡಿ ಎಂದು ಹರ್ಷಿಣಿಗೆ ಹೇಳಿ ಹೋದ. ಗ್ಯಾರೇಜಿನ ಬಾಗಿಲು ಈಗ ಕೆಳಗೇ ಇರುತ್ತದೆ. ನನ್ನ ನಡ ಮತ್ತೆ ಕಲ್ಲಾಗಿದೆ. ಪ್ರಶಾಂತನಿಗೆ ತಿಳಿಯದಂತೆ ನೆಟ್ಟಗೆ ನಡೆಯುತ್ತೇನೆ.

ಹರ್ಷಿಣಿಯ ಕೆಲಸಕ್ಕೆ ಭಯವಿಲ್ಲ ಎಂದು ಡಯಾನ್ ಹೇಳಿದ್ದಾಳೆ. ಗುರವ್ವನನ್ನು ಒಮ್ಮೆ ಮಾತಾಡಿಸಿದರೆ ಕೆಲಸ ಮುಗಿಯಿತಂತೆ. ಮುಗಿದ ಮೇಲೆ ನೆಮ್ಮದಿಯ ಕಾಗದ ಬರೆಯುತ್ತೇನೆ. ನಿನಗೆ ಒಳ್ಳೆಯದಾಗಲಿ.

ಅಣ್ಣ
ಚನ್ನಬಸಪ್ಪ


ಫ್ಲವರ್ ಮೌಂಡ್
೨೮ ಏಪ್ರಿಲ್ ೨೦೨೪

ತಂಗೀ,

ನೆಮ್ಮದಿಯ ಕಾಗದ ಬರೆಯುತ್ತೇನೆ ಎಂದಿದ್ದೆ. ಯುಗಾದಿ ಮುಗಿದೇ ಎಷ್ಟೋ ದಿನವಾಯಿತು. ಈ ಸಲ ಇಲ್ಲಿ ಹಬ್ಬದ ಹಿಂದಿನ ದಿನವೇ ಸೂರ್ಯಗ್ರಹಣ, ನಡು ಹಗಲಿಗೆ ಕತ್ತಲಾಗಿ ಬೀದಿ ದೀಪ ಹತ್ತಿಕೊಂಡವು. ಜನ ಕಪ್ಪು ಕನ್ನಡಕ ಹಾಕಿಕೊಂಡು ಚಪ್ಪಾಳೆ ತಟ್ಟಿದರು. ನಾನು ಒಳಗೇ ಇದ್ದೆ. ಬೇವು ಬೆಲ್ಲ ಯಾರೂ ಮಾಡಲಿಲ್ಲ.

ಗುರವ್ವ ಈಗ ಜಾರ್ಜ್‌ಟೌನಿನಲ್ಲಿದ್ದಾಳೆ.

ಹೇಗಾಯಿತೆಂದು ಇದ್ದದ್ದು ಇದ್ದ ಹಾಗೆ ಬರೆಯುತ್ತೇನೆ. ಫೆಬ್ರವರಿಯಲ್ಲಿ ಡಯಾನ್ ಬಂದು ಗುರವ್ವನನ್ನು ನಮ್ಮ ಕೋಣೆಯಲ್ಲಿ ಕೂರಿಸಿಕೊಂಡು, ಫೋನಿನ ಸ್ಪೀಕರ್ ಹಚ್ಚಿ ಅದೇ ಕನ್ನಡದ ಹುಡುಗಿಯನ್ನು ಕರೆದಳು. ನಾನು, ಹರ್ಷಿಣಿ ಅಡುಗೆಮನೆಯಲ್ಲಿದ್ದೆವು. ಬಾಗಿಲು ಸರಿಯಾಗಿ ಮುಚ್ಚಿರಲಿಲ್ಲ, ಎಲ್ಲ ಕೇಳುತ್ತಿತ್ತು. ಆ ಹುಡುಗಿ, "ಆಂಟಿ, ಇಲ್ಲಿ ನಿಮಗೆ ಯಾರಾದ್ರೂ ತೊಂದರೆ ಕೊಡ್ತಾರಾ?" ಎಂದಳು.

ಗುರವ್ವ ಸೆರಗು ಸರಿ ಮಾಡಿಕೊಂಡಿರಬೇಕು, ಬಳೆ ಸಪ್ಪಳವಾಯಿತು. ಬಹಳ ದಿನದ ಮೇಲೆ ಅಷ್ಟು ಸ್ಪಷ್ಟವಾಗಿ ಮಾತಾಡಿದಳು. "ನಮ್ಮನಿಯವರು ಡ್ಯೂಟಿಗೆ ಹೋಗ್ಯಾರ್ರಿ. ಅಂಕೋಲಾ ಗಾಡಿ. ಅವರಿಲ್ಲದ್ದು ನೋಡಿ ಒಬ್ಬ ಮುದುಕ ಬರ್ತಾನು. ನನ್ನ ಸೀರಿ ಬಿಚ್ಚತಾನು. ಒಲ್ಲೆ ಅಂದ್ರ ಕೈ ಹಿಡಿದು ತಿರುವತಾನು. ನೋಡ್ರಿಲ್ಲೆ. ನೀವರ ನಮ್ಮನಿಯವರಿಗೆ ಹೇಳ್ರಿ ಯವ್ವಾ, ಅವರು ಬಂದ್ರ ಇವನ್ನ ಬಿಡೂದಿಲ್ಲ."

ಫೋನಿನ ಹುಡುಗಿ ಒಂದೊಂದೇ ಮಾತನ್ನು ಇಂಗ್ಲಿಷಿಗೆ ಹಾಕತೊಡಗಿದಳು. ನನಗೆ ಇಂಗ್ಲಿಷು ಬಾರದಿದ್ದರೂ ಆ ಹೊತ್ತು ಎಲ್ಲ ತಿಳಿಯಿತು. ಹರ್ಷಿಣಿ ಓಡಿದಳು. ಅವ್ವನ ಮಣಿಕಟ್ಟು ಹಿಡಿದು ಬೆಳಕಿಗೆ ತಿರುಗಿಸಿ ನೋಡಿದಳು. ಎರಡೂ ಕೈಯಲ್ಲಿ ಬೆರಳು ಒತ್ತಿದ ಗುರುತಿತ್ತು, ಬಳೆಯ ಕೆಳಗೆ.

"ಅಪ್ಪಾ, ನೀವು ಅವ್ವನ ಕೈ ಹಿಂಗ ಹಿಡಿದದ್ದು ಖರೇ ಏನು?"

"ಖರೇ."

"ಯಾಕ?"

"ಸ್ನಾನ ಒಲ್ಲೆ ಅಂದ್ಲು."

ಅಷ್ಟೇ ಹೇಳಿದೆ. ಡಯಾನ್ ನನ್ನನ್ನು ಬೈಯಲಿಲ್ಲ. ಈ ಕಾಯಿಲೆಯವರ ಮಾತನ್ನು ಅಕ್ಷರಶಃ ಹಿಡಿಯಲಾಗದು, ಕೇಸು ಗೀಸು ಏನೂ ಇಲ್ಲ, ಆದರೆ ಇಬ್ಬರೂ ಒಂದೇ ಕೋಣೆಯಲ್ಲಿರುವುದು ಯಾರಿಗೂ ಕ್ಷೇಮವಲ್ಲ ಎಂದು ಹೇಳಿಸಿದಳು. ಪ್ರಶಾಂತ ಅದೇ ಸಂಜೆ ಕಾರು ತಂದ. ನನ್ನ ಜತೆ ಮಾತಿಲ್ಲ. ಅವ್ವನ ಬಟ್ಟೆ ತುಂಬಿಕೊಂಡ. ನನ್ನ ನಡದ ಮಾತು ಯಾರೂ ಎತ್ತಲಿಲ್ಲ, ಅದರ ಅಗತ್ಯ ಯಾರಿಗೂ ಬೀಳಲಿಲ್ಲ.

ಮರುದಿನ ಜಾರ್ಜ್‌ಟೌನಿನ ಆ ಮನೆಗೆ ಎಲ್ಲರೂ ಹೋದೆವು. ಹೂಗಿಡ, ಅಂಗಳ, ಸ್ವಚ್ಛವಾಗಿದೆ. ಅಲ್ಲಿನ ಮೇಲ್ವಿಚಾರಕಿ ಊಟ ಏನು, ನಿದ್ದೆ ಹೇಗೆ ಎಂದೆಲ್ಲ ಕೇಳುತ್ತ ಕೇಳುತ್ತ, ಇವರು ಯಾರಿಗಾದರೂ ಹೊಡೆಯುತ್ತಾರಾ, ಒದೆಯುತ್ತಾರಾ ಎಂದು ಕೇಳಿದಳು. ಹೊಡೆಯುವವರಿಗೆ ಬೇರೆ ಕಟ್ಟಡವಿದೆಯಂತೆ. ಪ್ರಶಾಂತ ಕನ್ನಡದಲ್ಲಿ ಹೇಳಿದ. ನಾನು, "ಇಲ್ಲಪ್ಪಾ, ಇರುವಿ ಕಂಡ್ರೂ ದಾಟಿ ಹೋಗಾಕಿ" ಎಂದೆ. ಹರ್ಷಿಣಿ ನನ್ನ ಕಡೆ ನೋಡದೆ, "ಇದೊಂದರ ಖರೇ ಹೇಳಿದ್ರಿ" ಎಂದಳು.

ಬಿಟ್ಟು ಹೊರಡುವಾಗ ಗುರವ್ವ ಬಾಗಿಲ ತನಕ ಬಂದಳು. ನನ್ನನ್ನು ದೂರದಿಂದಲೇ, ಮರ್ಯಾದೆಯಿಂದ ಕರೆದಳು. "ಯಜಮಾನ್ರ, ನೀವು ಹುಬ್ಬಳ್ಳಿ ಕಡೆ ಹೊಂಟೀರೇನು? ನಮ್ಮನಿಯವರು ಡಿಪೋದಾಗ ಸಿಗ್ತಾರು. ನಾ ಇಲ್ಲೇ ಅದೀನಂತ ಹೇಳ್ರಿ."

"ಹೇಳ್ತೀನವ್ವಾ" ಎಂದೆ.

ಹಿಂದೆ ಬರುವಾಗ ದಾರಿಯುದ್ದಕ್ಕೂ ಲಾರಿಗಳು. ಹರ್ಷಿಣಿ ಡ್ರೈವ್ ಮಾಡುತ್ತಿದ್ದಳು. ವೇಕೋ ದಾಟಿದ ಮೇಲೆ ಕೇಳಿದಳು, "ಅಪ್ಪಾ, ಮೊದಲಿಂದನೂ ಹಿಂಗ ಇತ್ತೇನು? ಹುಬ್ಬಳ್ಳ್ಯಾಗ, ನಾವು ಸಾಲಿಗೆ ಹೋದ ಮ್ಯಾಲೆ?"

ನೀನು ಬಲ್ಲೆ, ತಂಗೀ. ಆ ಮನೆಯಲ್ಲಿ ನೀನೂ ಮೂರು ವರ್ಷ ಇದ್ದವಳು. ನಾನು ಒಮ್ಮೆಯಾದರೂ ನಿನ್ನ ವೈನಿಯ ಮೇಲೆ ಕೈ ಎತ್ತಿದ್ದುಂಟೇ? ಆದರೆ ಮಗಳಿಗೆ ಇಲ್ಲ ಎಂದರೆ, ಮತ್ತೆ ಈಗ ಯಾಕೆ ಎಂಬ ಪ್ರಶ್ನೆ ಬರುತ್ತದೆ. ನಾನು ಕಿಟಕಿಯ ಕಡೆ ತಿರುಗಿಕೊಂಡೆ. ಅವಳು ಅದನ್ನೇ ಉತ್ತರವೆಂದು ಇಟ್ಟುಕೊಂಡಳು. ಈಗ ಹಳೆಯದನ್ನೆಲ್ಲ ಮತ್ತೆ ತಿರುವಿ ನೋಡುತ್ತಿದ್ದಾಳೆ ಎಂದು ಕಾಣುತ್ತದೆ. ಅವ್ವ ಜಾರಿ ಬಿದ್ದ ದಿನ, ಅವ್ವ ಮಾತಾಡದೆ ಇದ್ದ ದಿನ, ಎಲ್ಲದಕ್ಕೂ ನನ್ನ ಕೈ ಜೋಡಿಸಿಕೊಳ್ಳುತ್ತಿರಬೇಕು. ಊಟಕ್ಕೆ ಕರೆಯುತ್ತಾಳೆ, ಗುಳಿಗೆ ಕೊಡುತ್ತಾಳೆ. ನಿಶಿತಾ ನನ್ನ ಕೋಣೆಗೆ ಬರುವುದನ್ನು ಬಿಟ್ಟಿದ್ದಾಳೆ, ಬಿಡಿಸಿದ್ದಾರೆ.

ಲಿನ್ ಮೊನ್ನೆ ರಸ್ತೆಯಲ್ಲಿ ಸಿಕ್ಕ. ಮಗನ ಮನೆಯ ಕಡೆ ಒಮ್ಮೆ ನೋಡಿ, ನನ್ನ ಬೆನ್ನಿನ ಮೇಲೆ ಅಂಗಿಯ ಮೇಲಿಂದಲೇ ಕೈಯಾಡಿಸಿದ. ಕೊಂಬು ತರಲೇ ಎಂದು ಸನ್ನೆ ಮಾಡಿದ. ಬೇಡ ಎಂದೆ. ಈಗ ಈ ನಡ ಗಟ್ಟಿಯಿದ್ದು ಯಾರನ್ನು ಎತ್ತಬೇಕು?

ನಿನ್ನ ಮಕ್ಕಳು ಮೊಮ್ಮಕ್ಕಳಿಗೆ ನನ್ನ ಆಶೀರ್ವಾದ ಹೇಳು. ನಿನ್ನ ಯಜಮಾನರ ಮಂಡಿನೋವಿಗೆ ಬಿಸಿ ಉಪ್ಪಿನ ಶಾಖ ಬಿಡಬೇಡ. ಬಸವಣ್ಣ ನಿನ್ನನ್ನು ಕಾಯಲಿ.

ನಿನ್ನ ಅಣ್ಣ
ಚನ್ನಬಸಪ್ಪ

ತಾ.ಕ. ಕವರು ಅಂಟಿಸುವ ಮೊದಲು ಕಾಗದ ಮತ್ತೆ ಬಿಚ್ಚಿ ಬರೆಯುತ್ತಿದ್ದೇನೆ. ಇದನ್ನು ಓದಿ ಹರಿದುಹಾಕು. ತೋಳಿನದು, ಪಕ್ಕೆಯದು ಲಿನ್‌ನ ಕೊಂಬಿನ ಗೀರಲ್ಲ. ದೀಪಾವಳಿಯಿಂದ ಈಚೆಗೆ ಗುರವ್ವ ನನ್ನನ್ನು ಹೊಡೆಯುತ್ತಿದ್ದಳು. ಸೀರೆ ಬಿಚ್ಚುವಾಗ, ಪಕ್ಕದಲ್ಲಿ ಮಲಗಲು ಹೋದಾಗ, ಯಾರೋ ಪರಪುರುಷ ಎಂದು ಕೈಗೆ ಸಿಕ್ಕಿದ್ದರಿಂದ ಹೊಡೆಯುತ್ತಿದ್ದಳು. ನಿಶಿತಾ ನೋಡಿದ ಒದೆ ಮದ್ದಿನದಲ್ಲ. ನಿನಗೂ ಸುಳ್ಳು ಬರೆದಿದ್ದೆ. ಅವಳ ಮಣಿಕಟ್ಟು ಹಿಡಿದದ್ದು ಆ ಏಟು ತಡೆಯಲು, ಆಗ ಕೈ ಬಿಗಿಯಾಯಿತು. ಹೇಳಿದ್ದರೆ ಅಂದೇ ಅವಳನ್ನು ಒಯ್ಯುತ್ತಿದ್ದರು. ಈಗ ಹೇಳಿದರೆ ಆ ಬೇರೆ ಕಟ್ಟಡಕ್ಕೆ ಹಾಕುತ್ತಾರೆ. ನಾನು ನೋಡಿ ಬಂದಿದ್ದೇನೆ, ಅದರ ಬಾಗಿಲಿಗೆ ಬೀಗವಿದೆ, ಒಳಗಿನವರು ಹಗಲೆಲ್ಲ ಮದ್ದಿನಲ್ಲಿ ತೂಗುತ್ತ ಕೂತಿರುತ್ತಾರೆ. ಹರ್ಷಿಣಿ ಫೋನಿನಲ್ಲಿ ಏನು ಕೇಳಿದರೂ ನೀನು ನನ್ನ ಪರವಾಗಿ ಮಾತಾಡಬೇಡ.

ಪ್ರಶಾಂತ ಹೇಳುತ್ತಾನೆ, ಅಲ್ಲಿಗೆ ಹೋದ ಮೇಲೆ ಅವಳು ಒಬ್ಬರ ಮೇಲೂ ಕೈ ಎತ್ತಿಲ್ಲವಂತೆ. ಅಲ್ಲಿನ ಹೆಂಗಸರ ಕೈಯಲ್ಲಿ ನಗುನಗುತ್ತ ಸ್ನಾನ ಮಾಡಿಸಿಕೊಳ್ಳುತ್ತಾಳಂತೆ. ಅವಳಿಗೆ ಭಯವಿದ್ದದ್ದು ನನ್ನೊಬ್ಬನದೇ ಆಗಿತ್ತು. ಪ್ರತಿ ಭಾನುವಾರ ಮಕ್ಕಳು ಹೊರಡುವಾಗ ಬರ್ತೀರಾ ಎಂದು ಒಂದು ಮಾತು ಕೇಳುತ್ತಾರೆ. ನಾನು ಹೋದರೆ, ನನ್ನ ಮುಖ ಕಂಡು ಅವಳು ಒಂದೇಟು ಹಾಕಿದರೆ, ಅಲ್ಲಿಯವರು ಬರೆದುಕೊಳ್ಳುತ್ತಾರೆ. ಆದ್ದರಿಂದ ಒಲ್ಲೆ ಎನ್ನುತ್ತೇನೆ. ಮಾಡಿದ್ದಕ್ಕೆ ನಾಚಿಕೆ ಎಂದು ಮಕ್ಕಳು ತಿಳಿದುಕೊಂಡಿದ್ದಾರೆ. ತಿಳಿದುಕೊಳ್ಳಲಿ.